ಅಪ್ಪನ ಫಿಸ್ಟುಲಾ ಬೆಳಗ್ಗೆಯಿಂದ ಬಡೀತಿಲ್ಲ, ನಾಳೆವರೆಗೂ ಕಾಯಬಹುದಾ?

ತಿಪಟೂರು ಹುಡುಗಿ:
ನಮಸ್ಕಾರ, ಅರ್ಜೆಂಟ್ ಇದೆ ದಯವಿಟ್ಟು ಯಾರಾದ್ರೂ ಹೇಳಿ. ಅಪ್ಪಂಗೆ ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್, ಎಡಗೈ ಮಣಿಕಟ್ಟಲ್ಲಿ ಫಿಸ್ಟುಲಾ, ಅಂದ್ರೆ ಡಯಾಲಿಸಿಸ್ ಸೂಜಿ ಹಾಕೋಕೆ ಅಂತ ಆಪರೇಷನ್ ಮಾಡಿ ಎರಡು ರಕ್ತನಾಳ ಜೋಡಿಸಿರೋದು. ನಿನ್ನೆ ಡಯಾಲಿಸಿಸ್ ಮುಗಿಯೋ ಹೊತ್ತಿಗೆ ಬಿಪಿ 80ಕ್ಕೆ ಇಳೀತು, ಸೂಜಿ ತೆಗೆದ ಮೇಲೆ ರಕ್ತ ನಿಲ್ಲಲಿಲ್ಲ ಅಂತ ಬಿಗಿಯಾಗಿ ಪಟ್ಟಿ ಸುತ್ತಿದ್ರು, ಮನೆಗೆ ಬಂದು ಸುಸ್ತಾಗಿ ಹಾಗೇ ಮಲಗ್ಬಿಟ್ರು, ಪಟ್ಟಿ ಬಿಚ್ಚಿದ್ದು ರಾತ್ರಿ ಊಟಕ್ಕೆ ಎದ್ದಾಗ್ಲೇ. ದಿನಾ ಮುಟ್ಟಿದ್ರೆ ಒಳಗೆ ದುಂಬಿ ಕೂತಿದೆಯೇನೋ ಅನ್ನೋ ಥರ ಗುಯ್ ಅಂತಿತ್ತು, ಇವತ್ತು ಏನೂ ಇಲ್ಲ, ನರ ಹಗ್ಗದ ಹಾಗೆ ಗಟ್ಟಿಯಾಗಿದೆ. ನಾಳೆ ಹೇಗೂ ಡಯಾಲಿಸಿಸ್ ಇದೆಯಲ್ಲ ಅಂತಾರೆ ಅಪ್ಪ. ಬಿಸಿನೀರ ಶಾಖ ಕೊಡ್ಲಾ?

ಡಯಾಲಿಸಿಸ್ ಟೆಕ್ನಿಷಿಯನ್:
ಕಾಯ್ಬೇಡಿ ಮೇಡಂ, ಈಗ್ಲೇ ನಿಮ್ಮ ಕಿಡ್ನಿ ಡಾಕ್ಟರಿಗೆ ಫೋನ್ ಮಾಡಿ. ಥ್ರಿಲ್, ಅಂದ್ರೆ ಆ ಗುಯ್ ಅನ್ನೋ ಕಂಪನ, ನಿಂತಿದೆ ಅಂದ್ರೆ ರಕ್ತ ಹೆಪ್ಪುಗಟ್ಟಿದೆ ಅಂತಾನೇ ತಿಳ್ಕೊಂಡು ಓಡಾಡ್ಬೇಕು. ಹೆಪ್ಪು ಹೊಸದಿದ್ದಾಗ ತೆಗೆಯೋದು ಸುಲಭ, ತಡ ಆದಂಗೆಲ್ಲ ನರದ ಗೋಡೆಗೆ ಅಂಟ್ಕೊಂಡುಬಿಡುತ್ತೆ, ಒಂದೆರಡು ದಿನದೊಳಗೆ ಹೋದವರ ಫಿಸ್ಟುಲಾ ಉಳಿಯೋ ಚಾನ್ಸ್ ಜಾಸ್ತಿ. ಶಾಖ ಬೇಡ, ತಿಕ್ಕೋದಂತೂ ಬೇಡ್ವೇ ಬೇಡ. ಮೊದಲು ರಕ್ತ ಹರೀತಿದೆಯಾ ಅಂತ ನೋಡೋಕೆ ಡಾಪ್ಲರ್ ಸ್ಕ್ಯಾನ್ ಮಾಡ್ತಾರೆ. ಒಂದು ಮಾತು ಡಾಕ್ಟರ್ ಹತ್ರ ಕೇಳಿ, ಎಷ್ಟೋ ಸಲ ನರ ಜೋಡಿಸಿದ ಜಾಗದ ಹತ್ರ ಮೊದಲೇ ಕಿರಿದಾಗಿರುತ್ತೆ, ಬಿಪಿ ಇಳಿದಿದ್ದು ಪಟ್ಟಿ ಬಿಗಿ ಆಗಿದ್ದು ನೆಪ ಅಷ್ಟೆ. ಬರೀ ಹೆಪ್ಪು ತೆಗೆದು ಆ ಜಾಗ ಬಲೂನಲ್ಲಿ ಅಗಲ ಮಾಡ್ಲಿಲ್ಲ ಅಂದ್ರೆ ಮತ್ತೆ ಮುಚ್ಕೊಳ್ಳುತ್ತೆ.

ಗೌರಿಯಮ್ಮನ ಸೊಸೆ:
ಹೌದು ಕಣಮ್ಮ ಹೊರಡಿ. ನಮ್ಮನೆಯವರಿಗೆ ಹೀಗಾದಾಗ ನಾವು ನಾಲ್ಕು ದಿನ ತಡ ಮಾಡಿದ್ವಿ, ಆಮೇಲೆ ಡಯಾಲಿಸಿಸ್‌ಗೆ ಕುತ್ತಿಗೆ ಹತ್ರ ಲೈನ್ (ನಳಿಕೆ) ಹಾಕಿಸ್ಕೊಂಡು, ಮೊಣಕೈ ಹತ್ರ ಹೊಸ ಫಿಸ್ಟುಲಾ ಮಾಡಿಸಿ ಅದು ಬಲಿಯೋವರೆಗೂ ಎರಡು ತಿಂಗಳು ತಲೆಗೆ ನೀರು ಹಾಕ್ಕೊಳ್ಳೋಕೂ ಹೆದರಿಕೆ, ಎರಡು ಸಲ ಚಳಿಜ್ವರ ಬಂತು. ಇನ್ನೊಂದು, ಸುಸ್ತು ಅಂತ ಎಳನೀರು ಕೊಟ್ಟೀರಾ, ಅದ್ರಲ್ಲಿ ಪೊಟ್ಯಾಷಿಯಂ ಜಾಸ್ತಿ! ಡಯಾಲಿಸಿಸ್ ಮುಂದಕ್ಕೆ ಹೋದ್ರೆ ಪೊಟ್ಯಾಷಿಯಂ ಏರುತ್ತೆ, ಹೃದಯಕ್ಕೇ ಅಪಾಯ.

ತಿಪಟೂರು ಹುಡುಗಿ:
ಅಕ್ಕ, ಸರ್, ಇಬ್ಬರಿಗೂ ಕೈ ಮುಗೀತೀನಿ. ನಿನ್ನೆ ಮಧ್ಯಾಹ್ನವೇ ಕಾರ್ ಮಾಡ್ಕೊಂಡು ಬೆಂಗಳೂರಿಗೆ ಬಂದ್ವಿ. ಸರ್ ಹೇಳಿದ ಹಾಗೇ ಜೋಡಣೆ ಹತ್ರ ಕಿರಿದಾಗಿತ್ತಂತೆ, ರಾತ್ರಿ ಕೈಗಷ್ಟೇ ಮರಗಟ್ಟೋ ಇಂಜೆಕ್ಷನ್ ಕೊಟ್ಟು ಹೆಪ್ಪು ತೆಗೆದು ಬಲೂನ್ ಮಾಡಿದ್ರು. ಬೆಳಗ್ಗೆ ಅಪ್ಪ ಮಾತೇ ಆಡ್ದೆ ನನ್ನ ಬೆರಳು ಹಿಡಿದು ಮಣಿಕಟ್ಟಿನ ಮೇಲೆ ಇಟ್ರು, ಗುಯ್ ಅಂತಿದೆ. ಇವತ್ತು ಅದೇ ಕೈಲಿ ಡಯಾಲಿಸಿಸ್ ಆಗ್ತಿದೆ, ಪಟ್ಟಿ ಯಾವಾಗ ಸಡಿಲ ಮಾಡ್ಬೇಕು ಅಂತ ಸಿಸ್ಟರ್ ಹತ್ರ ಕೇಳಿ ಮೊಬೈಲಲ್ಲಿ ಅಲಾರಂ ಇಟ್ಟಿದೀನಿ.