ಭಾವ, ಆ ಬೋಟಿನ ವಿಚಾರ

ಭಾವ, ನಿನ್ನೆ ರಾತ್ರಿ ನೀವು ಗ್ರೂಪಿಗೆ ಹಾಕಿದ ಫೋಟೊಗಳನ್ನು ಈಗ ನೋಡಿದೆ. 28 ಅಡಿಯ ಸ್ಪೀಡ್ ಬೋಟು, ಸೆಕೆಂಡ್ ಹ್ಯಾಂಡ್, ಒಂದೇ ವಿ8 (ಎಂಟು ಸಿಲಿಂಡರಿನ) ಎಂಜಿನ್. "ನಿನ್ನ ಹತ್ತಿರ ಇಂಥದ್ದೇ ಇದೆಯಲ್ಲ, ಆರು ವರ್ಷ ಆಯಿತು, ತೃಪ್ತಿ ಇದೆಯಾ? ತಗೊಳ್ಳಲಾ ಬೇಡವಾ?" ಎಂದು ಕೇಳಿದ್ದೀರಿ. ಇದನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ಬೆಳಗಾಗುತ್ತದೆ, ಅದಕ್ಕೇ ಮಾತಿನಲ್ಲೇ ಹೇಳುತ್ತೇನೆ. ಉದ್ದ ಆಗುತ್ತದೆ. ಬೋಟಿನ ಗೊಡವೆ ಬೇಡದವರು ಸುಮ್ನೆ ಮುಂದಿನ ಮೆಸೇಜಿಗೆ ಹೋಗಿ.

ತೃಪ್ತಿ ಇದೆ ಭಾವ. ಆದರೆ ವೇಗಕ್ಕಲ್ಲ. ನನ್ನದು 26 ಅಡಿ, 7.4 ಲೀಟರಿನ ಎಂಜಿನ್, 310 ಹೆಚ್‌ಪಿ. ನೀರು ಅಲೆಯಿಲ್ಲದೆ ಶಾಂತವಾಗಿದ್ದು, ಟ್ಯಾಂಕ್ ಅರ್ಧ ಇದ್ದು, ನಾನೊಬ್ಬನೇ ಇದ್ದರೆ ಗಂಟೆಗೆ 90 ಕಿ.ಮೀ. ಮುಟ್ಟುತ್ತದೆ. ಮೊದಲ ವರ್ಷ ಅದನ್ನೇ ಎಲ್ಲರ ಹತ್ತಿರ ಹೇಳಿಕೊಂಡು ಓಡಾಡಿದೆ. ಈಗ ಇಡೀ ಸೀಸನ್ನಿಗೆ ಹತ್ತು ನಿಮಿಷ ಪೂರ್ತಿ ಥ್ರಾಟಲ್ (ಬೋಟಿನ ಆಕ್ಸಿಲರೇಟರ್) ಕೊಟ್ಟರೆ ಜಾಸ್ತಿ. ನನಗೆ ಖುಷಿ ಆಗುವುದು ಮಧ್ಯಾಹ್ನ ಗಾಳಿ ಎದ್ದಾಗ. ಎರಡಡಿ ಅಲೆ ಒಂದರ ಬೆನ್ನಿಗೆ ಒಂದು ಬರುತ್ತಿರುತ್ತದೆ, ಉಳಿದ ಬೋಟಿನವರು ವೇಗ ಇಳಿಸಿ ಕುಣಿದುಕೊಂಡು ಬರುತ್ತಿರುತ್ತಾರೆ. ನಮ್ಮದು 50ರಲ್ಲಿ ಅಲೆ ಸೀಳಿಕೊಂಡು ಬರುತ್ತದೆ. ಹಿಂದಿನ ಸೀಟಿನಲ್ಲಿ ಮಗಳು ತೂಕಡಿಸಿದ್ದೂ ಇದೆ.

ಅದೆಲ್ಲ ತಳದ ಮಹಿಮೆ. ನಿಮ್ಮ ಮೂರನೇ ಫೋಟೊ ನೋಡಿ, ಟ್ರೇಲರ್ ಮೇಲೆ ಹಿಂದಿನಿಂದ ತೆಗೆದದ್ದು. ತಳ ಇಂಗ್ಲಿಷಿನ ವಿ ಅಕ್ಷರದ ಹಾಗೆ ಚೂಪಾಗಿದೆ, ಹಿಂದಿನ ತುದಿಯವರೆಗೂ ಹಾಗೇ ಬಂದಿದೆ ಅಲ್ವಾ? ಡೀಪ್ ವಿ ಎನ್ನುತ್ತಾರೆ. ಇಂಥ ಬೋಟುಗಳಲ್ಲಿ ಆ ಇಳಿಜಾರು 22ರಿಂದ 24 ಡಿಗ್ರಿ ಇರುತ್ತದೆ. ಮನೆಮಂದಿಯ ಮಾಮೂಲಿ ಬೋಟಿನಲ್ಲಿ 18, 20 ಇದ್ದರೆ ಹೆಚ್ಚು. ಇದನ್ನು ರೂಢಿಗೆ ತಂದವರು ಅಮೆರಿಕದ ರೇ ಹಂಟ್. 1960ರ ಮಯಾಮಿ–ನಸ್ಸಾವು ರೇಸಿನಲ್ಲಿ ಅವರು ವಿನ್ಯಾಸ ಮಾಡಿದ 'ಮಾಪಿ' ಎಂಬ 31 ಅಡಿಯ ಬೋಟು ಅಬ್ಬರದ ಸಮುದ್ರದಲ್ಲಿ ಗೆದ್ದಿತು. ಆಮೇಲೆ ಎಲ್ಲರೂ ಈ ತಳದ ಹಿಂದೆ ಬಿದ್ದರು. ಅಲೆ ಇದ್ದರೂ ಥ್ರಾಟಲ್ ಇಳಿಸದೆ ಹೋಗಬಹುದು, ಅಷ್ಟೇ ಅದರ ಗುಟ್ಟು.

ಅದೇ ತಳ ನಿಂತಾಗ ಕಾಟ ಕೊಡುತ್ತದೆ. ಎಂಜಿನ್ ಆರಿಸಿ ಈಜಲು ನಿಲ್ಲಿಸಿದಾಗ ಇಬ್ಬರು ಒಂದೇ ಮಗ್ಗುಲಿಗೆ ಬಂದರೆ ಸಾಕು, ವಾಲಿಬಿಡುತ್ತದೆ. ಅಕ್ಕನಿಗೆ ಬೇಗ ತಲೆಸುತ್ತು ಬರುತ್ತದಲ್ಲ, ಅದನ್ನು ಮರೆಯಬೇಡಿ. ನಿಧಾನವಾಗಿ ಹೋಗಬೇಕಾದ ಕಡೆ ಮೂತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತಲೇ ಇರುತ್ತದೆ. ಹೊಸಬರು ಗಾಬರಿಯಾಗಿ ಸ್ಟಿಯರಿಂಗ್ ಜಾಸ್ತಿ ತಿರುಗಿಸಿ ಹಾವಿನ ಹಾಗೆ ಹೋಗುತ್ತಾರೆ. ನಾನೂ ಹೋಗಿದ್ದೇನೆ, ದಡದಲ್ಲಿ ನಿಂತವರು ನಕ್ಕಿದ್ದೂ ಕೇಳಿಸಿದೆ. ಇನ್ನು ಗಾಳಿಯಲ್ಲಿ ರಿವರ್ಸ್ ಹಾಕಿ ಕಟ್ಟುವ ಜಾಗಕ್ಕೆ ತರುವುದು, ಒಂದೇ ಎಂಜಿನ್ನಿನಲ್ಲಿ, ಬೆವರಿಳಿಸುವ ಕೆಲಸ.

ನಮ್ಮ ಪಕ್ಕದಲ್ಲೇ ದಡಕ್ಕೆ ಬೋಟು ಕಟ್ಟಿ ನಿಲ್ಲಿಸುತ್ತಿದ್ದವರೊಬ್ಬರು ನನ್ನದು ನೋಡಿಯೇ ಇಂಥದ್ದು ಕೊಂಡರು. ವರ್ಷ ತುಂಬುವುದರೊಳಗೆ ಮಾರಿದರು. ಬೋಟು ಕೆಟ್ಟದ್ದಲ್ಲ. ಅವರು ಪ್ರತಿ ಸಲ ಎಂಟು ಜನರನ್ನು ಕರೆದುಕೊಂಡು ಹೋಗುತ್ತಿದ್ದರು, ನಡುನೀರಿಗೆ ಹೋಗಿ ನಿಲ್ಲಿಸಿ ಮಧ್ಯಾಹ್ನವೆಲ್ಲ ಕೂರುತ್ತಿದ್ದರು. ಎಂಟಡಿ ಚಿಲ್ಲರೆ ಅಗಲದಲ್ಲಿ ಎಂಟು ಜನ ಎಲ್ಲಿ ಕೂರುತ್ತಾರೆ? ಮುಂದೆ ಕ್ಯಾಬಿನ್ ಇದೆ ನಿಜ, ಅದರಲ್ಲಿ ಬೆನ್ನು ಬಗ್ಗಿಸಿಯೇ ಇರಬೇಕು. ನಮ್ಮ ಮನೆಯವರಿಗೆ ಅದು ಒದ್ದೆ ಬಟ್ಟೆ ಎಸೆಯುವ ಜಾಗ. ನೀವು ನಾಲ್ಕು ಜನ, ಓಡಾಡುವವರು. ನಿಮಗೆ ಆಗುತ್ತದೆ.

ಪೆಟ್ರೋಲಿನ ಮಾತು. 3,200 ಆರ್‌ಪಿಎಮ್‌ನಲ್ಲಿ (ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ) ಆರಾಮಾಗಿ ಹೋದರೆ ನನ್ನದು ಕಿಲೋಮೀಟರಿಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟರೆ ಗಂಟೆಗೆ ನೂರು ಲೀಟರಿನ ಹತ್ತಿರ. ಅಕ್ಕ ಇದನ್ನು ಕೇಳಿಸಿಕೊಳ್ಳುತ್ತಿದ್ದರೆ, ತಪ್ಪು ಕೇಳಿಸಿಲ್ಲ ಅಕ್ಕ, ನೂರೇ.

ಒಂದು ಬದಲಾವಣೆಯಿಂದ ಮಾತ್ರ ತುಂಬಾ ಲಾಭವಾಯಿತು. ಮೂರು ರೆಕ್ಕೆಯ ಪ್ರೊಪೆಲ್ಲರ್ ತೆಗೆದು ನಾಲ್ಕು ರೆಕ್ಕೆಯದು ಹಾಕಿಸಿದೆ. ಗರಿಷ್ಠ ವೇಗ ಮೂರು ಕಿಲೋಮೀಟರ್ ಕಮ್ಮಿಯಾಯಿತು. ಆದರೆ ನೀರಿನ ಮೇಲಕ್ಕೆ ಏಳುವುದು ಬೇಗ, ಕಮ್ಮಿ ವೇಗದಲ್ಲೂ ಕೂತುಬಿಡದೆ ಮೇಲೆಯೇ ಇರುತ್ತದೆ, ತಿರುವಿನಲ್ಲಿ ಹಿಡಿತ ಬಿಡುವುದಿಲ್ಲ. ಮೊದಲ ವರ್ಷವೇ ಮಾಡಿಸಬೇಕಿತ್ತು, ಆ ಮೂರು ಕಿಲೋಮೀಟರಿನ ಮೇಲಿನ ಮೋಹಕ್ಕೆ ಬಿಡಲಿಲ್ಲ. ನಿಮ್ಮ ಬೋಟಿನಲ್ಲೂ ಗಮನಿಸಿ. ಎಲ್ಲರೂ ಕೂತಾಗ ಪೂರ್ತಿ ಥ್ರಾಟಲ್ ಕೊಟ್ಟರೆ ಎಂಜಿನ್ ಅದರ ಪುಸ್ತಕದಲ್ಲಿ ಹೇಳಿದ ಆರ್‌ಪಿಎಮ್ ಮುಟ್ಟಬೇಕು. ಮುಟ್ಟದೆ ಏದುಸಿರು ಬಿಟ್ಟರೆ ಪ್ರೊಪೆಲ್ಲರಿನ ಪಿಚ್, ಅಂದರೆ ಒಂದು ಸುತ್ತಿಗೆ ಅದು ಮುಂದೆ ತಳ್ಳುವ ದೂರ, ಜಾಸ್ತಿ ಇದೆ ಎಂದೇ ಮೊದಲು ಅನುಮಾನಿಸಿ. ಪಿಚ್ ಒಂದು ಇಂಚು ಇಳಿಸಿದರೆ 150–200 ಆರ್‌ಪಿಎಮ್ ಏರುತ್ತದೆ.

ಈಗ ನನ್ನ ಹೊಟ್ಟೆ ಉರಿಸಿದ ಕತೆ. ಎಂಜಿನ್ ಒಳಗೆ, ಪ್ರೊಪೆಲ್ಲರ್ ತಿರುಗಿಸುವ ಡ್ರೈವ್ ಹೊರಗೆ ನೀರಿನಲ್ಲಿ. ಎರಡರ ನಡುವೆ ಶಾಫ್ಟ್ ಹಾದುಹೋಗುವ ಕಡೆ ಒಂದು ಮಡಿಕೆ ಮಡಿಕೆಯಾದ ರಬ್ಬರ್ ತೋಳು ಇರುತ್ತದೆ, ಬೆಲ್ಲೋಸ್ ಎನ್ನುತ್ತಾರೆ. ಕೈಯಷ್ಟು ರಬ್ಬರು, ನೀರು ಒಳಗೆ ಬಾರದ ಹಾಗೆ ತಡೆಯುವುದು ಅದೇ. ನನಗೆ ಮಾರಿದವನು ಎಂಜಿನ್ನನ್ನು ಕನ್ನಡಿ ಹಾಗೆ ಉಜ್ಜಿಟ್ಟಿದ್ದ, ಇದನ್ನು ಮುಟ್ಟಿಯೇ ಇರಲಿಲ್ಲ. ನಾನೂ ಕೇಳಲಿಲ್ಲ. ಎರಡನೇ ವರ್ಷ, ಸ್ಟಿಯರಿಂಗ್ ತಿರುಗಿಸಿದಾಗ ಮಾತ್ರ ಹಿಂದಿನಿಂದ ಗುರ್ ಎನ್ನುವ ಸದ್ದು. ಹಾಡು ಜೋರಾಗಿ ಹಾಕಿಕೊಂಡು ಎರಡು ವಾರ ಓಡಿಸಿದೆ ನೋಡಿ, ನನ್ನ ಬುದ್ಧಿ! ಬಿಚ್ಚಿದರೆ ರಬ್ಬರ್ ಸೀಳಿ, ನೀರು ಹೋಗಿ, ಶಾಫ್ಟನ್ನು ಹಿಡಿದಿಡುವ ಗಿಂಬಲ್ ಬೇರಿಂಗ್ ತುಕ್ಕಿನ ಉಂಡೆಯಾಗಿತ್ತು, ಶಾಫ್ಟ್ ಬಾಗಲು ಬಿಡುವ ಯು ಜಾಯಿಂಟುಗಳೂ ಹೋಗಿದ್ದವು. ಒಳ್ಳೆ ಹವೆಯ ಒಂದು ತಿಂಗಳು ಬೋಟು ಟ್ರೇಲರ್ ಮೇಲೆಯೇ ಕೂತಿತ್ತು. ಆಗಿನಿಂದ ಪ್ರತಿ ವರ್ಷ ಡ್ರೈವ್ ಇಳಿಸಿ ರಬ್ಬರನ್ನು ಬೆರಳಿನಿಂದ ಬಿಡಿಸಿ ನೋಡುತ್ತೇನೆ. ಡ್ರೈವಿನ ಗೇರ್ ಆಯಿಲ್ ಬದಲಿಸುತ್ತೇನೆ. ಅದು ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ಒಳಗೆ ನೀರು ಸೇರಿದೆ ಎಂದೇ ಅರ್ಥ. ಎಂಜಿನ್ ತಣಿಸಲು ನೀರೆಳೆಯುವ ಪಂಪಿನ ಇಂಪೆಲ್ಲರನ್ನು (ಒಳಗೆ ತಿರುಗುವ ರಬ್ಬರ್ ಚಕ್ರ) ಎರಡು ವರ್ಷಕ್ಕೊಮ್ಮೆ ಕೆಟ್ಟಿರಲಿ ಬಿಡಲಿ ಬದಲಿಸುತ್ತೇನೆ. ಇಷ್ಟು ಮಾಡಿದ ಮೇಲೆ ನಾಲ್ಕು ವರ್ಷ ಒಂದು ದಿನವೂ ನಡುನೀರಿನಲ್ಲಿ ನಿಂತಿಲ್ಲ. ಈ ಕೈಕೆಲಸ ನಿಮಗೆ ಬೇಜಾರು ಎಂದರೆ ಬೋಟೇ ಬೇಡ ಭಾವ. ಮೆಕ್ಯಾನಿಕ್ ಎಷ್ಟೇ ಒಳ್ಳೆಯವನಿದ್ದರೂ ಆ ಗುರ್ ಸದ್ದು ಮೊದಲು ಕೇಳಿಸುವುದು ನಿಮಗೇ.

ಓಡಿಸುವಾಗಿನ ಮೂರು ವಿಷಯ. ಸ್ಟಾರ್ಟ್ ಮಾಡುವ ಮೊದಲು ಬ್ಲೋವರ್, ಅಂದರೆ ಎಂಜಿನ್ ಕೋಣೆಯ ಗಾಳಿ ಹೊರಗೆ ತಳ್ಳುವ ಫ್ಯಾನು, ನಾಲ್ಕು ನಿಮಿಷ ಓಡಲೇಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ, ಒಂದು ಕಿಡಿ ಸಾಕು. ಮತ್ತೆ ಆ ಕೆಂಪು ಹಗ್ಗ, ನೀವು ಬಿದ್ದರೆ ಎಂಜಿನ್ ಆರಿಸುವ ಕಿಲ್ ಸ್ವಿಚ್ಚಿನದು, ನಿಮ್ಮ ಮೈಗೆ ಸಿಕ್ಕಿಸಿಕೊಳ್ಳದೆ ಗೇರ್ ಹಾಕಬೇಡಿ. ಪೂರ್ತಿ ವೇಗದಲ್ಲಿ ಮೂತಿ ಜಾಸ್ತಿ ಎತ್ತಿಟ್ಟರೆ ಇಂಥ ಬೋಟು ತಳದ ನಡುವಿನ ಚೂಪು ಗೆರೆಯ ಮೇಲಷ್ಟೇ ನಿಂತು ಎಡಬಲಕ್ಕೆ ತೂಗಲು ಶುರುಮಾಡುತ್ತದೆ. ಪ್ರತಿ ತೂಗಿಗೂ ಜೋರಾಗುತ್ತಾ ಹೋಗುತ್ತದೆ. ಸ್ಟಿಯರಿಂಗಿನಿಂದ ಸರಿಮಾಡಲು ಹೋಗಬೇಡಿ. ಥ್ರಾಟಲ್ ಮೆಲ್ಲಗೆ ಇಳಿಸಿ, ಟ್ರಿಮ್, ಅಂದರೆ ಡ್ರೈವಿನ ಓರೆ, ಒಳಕ್ಕೆ ತನ್ನಿ, ತಾನಾಗಿ ಸುಮ್ಮನಾಗುತ್ತದೆ. ನನಗೆ ಮೊದಲ ಸಲ ಹಾಗಾದಾಗ ಬಾಯಲ್ಲಿ ನೀರೇ ಆರಿತ್ತು.

ಸೀಟಿನ ಬಗ್ಗೆ ಹೇಳುವುದು ಮರೆತೆ. ಮುಂದಿನ ಎರಡು ಸೀಟಿನ ಕೆಳಭಾಗ ಮಡಚಿಕೊಳ್ಳುತ್ತದೆ, ನಿಂತೇ ಓಡಿಸಬಹುದು. ಅಲೆಯ ಗುದ್ದನ್ನು ಮೊಣಕಾಲು ತಡೆಯುತ್ತದೆ, ಬೆನ್ನು ಉಳಿಯುತ್ತದೆ. ನನ್ನ ಹೆಂಡತಿಯಂತೂ ಕೂರುವುದೇ ಇಲ್ಲ.

ನೀವು ಈಗ ಮಾಡಬೇಕಾದದ್ದು ಇಷ್ಟು. ಆ ಬೋಟು ಉಪ್ಪು ನೀರಿನಲ್ಲಿ ಇತ್ತಾ, ಸಿಹಿ ನೀರಿನಲ್ಲಿ ಇತ್ತಾ ಕೇಳಿ. ಉಪ್ಪು ನೀರಿನದಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಹೋಗುವ ಕೊಳವೆ) ಬದಲಿಸಿದ್ದು ಯಾವಾಗ ಎಂದು ಕೇಳಿ, ಅದು ಒಳಗಿಂದ ತೂತಾದರೆ ನೀರು ನೇರ ಸಿಲಿಂಡರಿಗೆ ಹೋಗುತ್ತದೆ. ಬೆಲ್ಲೋಸ್ ಬದಲಿಸಿದ ಬಿಲ್ ಕೇಳಿ. "ಮೊನ್ನೆ ಮಾಡಿಸಿದ್ದೇನೆ" ಎಂಬ ಬಾಯಿಮಾತು ಬೇಡ. ಭಾನುವಾರ ನಾನೇ ಬರುತ್ತೇನೆ, ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ನನ್ನ ಹತ್ತಿರ ಇದೆ, ಎಂಟೂ ಸಿಲಿಂಡರ್ ನೋಡಿಬಿಡೋಣ. ಹಿಂದಿನ ಹಲಗೆಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಬೇಕು, ಮಂದ ಸದ್ದು ಬಂದರೆ ಒಳಗೆ ಮರ ಕೊಳೆತಿರಬಹುದು. ಅಕ್ಕನನ್ನೂ ಕರೆದುಕೊಂಡು ಬನ್ನಿ, ನೀರಿಗೆ ಇಳಿಸಿದ ಮೇಲೆ ನಡುವೆ ಎಂಜಿನ್ ಆರಿಸಿ ಕಾಲು ಗಂಟೆ ಸುಮ್ನೆ ಕೂರೋಣ. ಆಮೇಲೆ ಅವರು ಏನು ಹೇಳುತ್ತಾರೋ ನೋಡೋಣ. ಹಾಂ, ಮಾರುವವರಿಗೆ ಇವತ್ತೇ ಫೋನ್ ಮಾಡಿ ಒಂದು ಮಾತು ಹೇಳಿಬಿಡಿ: ನಾವು ಬರುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡಿ ಇಡಬಾರದು. ನಾನು ಬಂದು ಕೈಯಿಟ್ಟು ನೋಡಿದಾಗ ತಣ್ಣಗೇ ಇರಬೇಕು.