ಅಪ್‌ಡೇಟ್: ಪಂಕ್ಚರ್ ಇಲ್ಲದೆ ಇಳೀತಿದ್ದ ಟೈರ್, ಕಾರಣ ಸಿಕ್ತು

ಕಾರಿನ ಹಿಂದಿನ ಎಡಗಡೆ ಟೈರ್‌ಗೆ 33 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ತುಂಬಿಸಿದ್ರೂ ವಾರದೊಳಗೆ 24ಕ್ಕೆ ಇಳಿಯುತ್ತೆ, ಮೊಳೆ ಏನೂ ಕಾಣ್ತಿಲ್ಲ, ಏನು ಮಾಡೋದು ಅಂತ ಇಲ್ಲಿ ಕೇಳಿದ್ದೆ. ಈಗ ಸರಿಹೋಗಿದೆ!

ನಿಮ್ಮಲ್ಲಿ ಕೆಲವರು ವಾಲ್ವ್ ಬದಲಾಯಿಸಿ ಅಂದಿದ್ರಿ, ಬದಲಾಯಿಸಿದೆ, ಆದ್ರೂ ಇಳೀತು. ಸೀಲೆಂಟ್ (ಟೈರ್ ಒಳಗೆ ಹಾಕಿ ತೂತು ಮುಚ್ಚೋ ದ್ರವ) ಹಾಕೋದು ಬೇಡ, ಒಳಗೆಲ್ಲ ಅಂಟಿಕೊಂಡು ಮುಂದೆ ರಿಪೇರಿಗೆ ಕಷ್ಟ ಅಂತ ಪಂಕ್ಚರ್ ಅಂಗಡಿಯಣ್ಣ ತಡೆದರು. ಕೆಲಸಕ್ಕೆ ಬಂದಿದ್ದು "ರಿಮ್ ಅಂಚಿಗೆ ಸೋಪು ನೀರು ಹಾಕಿ ನೋಡಿ" ಅಂದವರ ಮಾತು. ಟೈರ್ ರಿಮ್‌ಗೆ ಕೂರೋ ಜಾಗದಲ್ಲೇ ಸಣ್ಣ ಸಣ್ಣ ಗುಳ್ಳೆ ಎದ್ದವು. ಟೈರ್ ಬಿಚ್ಚಿದಾಗ ಸ್ಟೀಲ್ ರಿಮ್ ಸುತ್ತ ತುಕ್ಕು. ಉಡುಪಿ ಕಡೆಯ ಉಪ್ಪುಗಾಳಿಗೆ, ಮಳೆಗೆ ಇದು ಮಾಮೂಲಂತೆ. ತಂತಿ ಬ್ರಷ್‌ನಿಂದ ಉಜ್ಜಿ, ಬೀಡ್ ಸೀಲರ್ (ಟೈರ್ ಅಂಚು, ರಿಮ್ ನಡುವಿನ ಸಂದು ಮುಚ್ಚೋ ಅಂಟು) ಹಚ್ಚಿ ಕೂರಿಸಿ, ವೀಲ್ ಬ್ಯಾಲೆನ್ಸಿಂಗ್ ಮಾಡಿಕೊಟ್ಟರು. ಆಮೇಲೆ ಗಾಳಿ ಕದಲಿಲ್ಲ.

ಹೊಸದಾಗಿ ತಿಳಿದದ್ದು: ಟೈರ್ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗೋ ಸಾಲಿನ ಕೊನೆಯ 4 ಅಂಕೆ ತಯಾರಾದ ವಾರ, ವರ್ಷ ಹೇಳುತ್ತೆ. ನಮ್ಮ ಸ್ಟೆಪ್ನಿಯಲ್ಲಿ 1416, ಅಂದ್ರೆ 2016ರ 14ನೇ ವಾರ! ಮೇಲೆ ಹೊಸದರಂತೆ ಹೊಳೀತಿತ್ತು, ಪಕ್ಕದಲ್ಲಿ ರಬ್ಬರ್ ಬಿರುಕು ಬಿಟ್ಟಿತ್ತು. ಅದನ್ನೂ ಬದಲಾಯಿಸಿದೆ. ಸೋಪು ನೀರಿನ ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್. ಇದೇ ತೊಂದರೆ ಇರೋರು ಮೊದಲು ರಿಮ್ ಅಂಚು ನೋಡಿಸಿ.