18 ವರ್ಷ ಕಂಬ ಹತ್ತಿದವನು ಕಾರ್ಪೆಟ್ ಮೇಲೆ ನಡುಗಿದೆ, ಯಾಕೆ?

ಕಂಬದ ಕಾಕಾ, ಹುಬ್ಬಳ್ಳಿ:
ನಾನು ಲೈನ್‌ಮನ್. 18 ವರ್ಷದಿಂದ ಕರೆಂಟ್ ಕಂಬ ಹತ್ತುತ್ತಿದ್ದೇನೆ. ಮಳೆಗಾಲದಲ್ಲಿ ರಾತ್ರಿ ಎರಡು ಗಂಟೆಗೂ ಹತ್ತಿದ್ದೇನೆ. ಎತ್ತರದ ಭಯ ನನಗಿಲ್ಲ, ಇಲ್ಲ ಅಂದುಕೊಂಡಿದ್ದೆ.

ಕಳೆದ ಭಾನುವಾರ ಮಗ ಗೋಕುಲ ರೋಡ್ ಕಡೆ ಒಂದು ಗೇಮ್ ಸೆಂಟರ್‌ಗೆ ಕರೆದುಕೊಂಡು ಹೋದ. ಕಣ್ಣಿಗೆ ವಿಆರ್ ಡಬ್ಬಿ ಕಟ್ಟಿದರು, ಕಂಪ್ಯೂಟರ್ ಚಿತ್ರದ ಒಳಗೇ ನಿಂತ ಹಾಗೆ ತೋರಿಸುವಂಥದ್ದು. ಲಿಫ್ಟ್ ಬಾಗಿಲು ತೆರೆಯಿತು. ಮುಂದೆ ಒಂದು ಹಲಗೆ, ಕೆಳಗೆ ಇರುವೆಯಷ್ಟು ಕಾರುಗಳು. ಚಿತ್ರವೇನೂ ಅಂಥಾ ಚೆನ್ನಾಗಿರಲಿಲ್ಲ, ಕಾರ್ಟೂನ್ ಥರ. ನೆಲದ ಮೇಲೂ ನಿಜವಾದ ಹಲಗೆ ಇಟ್ಟಿದ್ದರು, ಡಬ್ಬಿ ಕಟ್ಟುವ ಮೊದಲು ನಾನೇ ನೋಡಿದ್ದೆ. ಎರಡು ಹೆಜ್ಜೆ ಇಟ್ಟೆ. ಮೂರನೇದು ಬರಲಿಲ್ಲ. ಮೊಣಕಾಲು ಗಡಗಡ, ಅಂಗೈ ಒದ್ದೆ. "ಅಪ್ಪಾ, ಕೆಳಗ ಕಾರ್ಪೆಟ್ ಐತಿ!" ಅಂತ ಮಗ ಕೂಗುತ್ತಿದ್ದ. ನನಗೂ ಗೊತ್ತಪ್ಪ, ಕಾಲಿಗೆ ಗೊತ್ತಿಲ್ಲ! ಕೊನೆಗೆ ಕುಕ್ಕರಗಾಲಲ್ಲಿ ಕೂತುಬಿಟ್ಟೆ. ಮಗ ಅದನ್ನು ಮನೆ ಗ್ರೂಪಿಗೆ ಬೇರೆ ಹಾಕಿದ್ದಾನೆ.

ವಯಸ್ಸಾಯ್ತಾ? ಕೆಲಸದ ಪ್ರಶ್ನೆ, ಅದಕ್ಕೇ ಕೇಳುತ್ತಿದ್ದೇನೆ.

ಗದಗಿನ ಗೇಮರ್:
ಕಾಕಾ, ಕೂತಿದ್ದೇ ಒಳ್ಳೇದಾಯ್ತು. ನಾನು ವಿಆರ್‌ನಲ್ಲಿ ಕಾರ್ ರೇಸ್ ಆಡಿ ತಿಂದ ಮಿರ್ಚಿಯನ್ನೆಲ್ಲ ಹೊರಗೆ ಹಾಕಿದ್ದೇನೆ. ಕಣ್ಣು ಓಡ್ತಿದ್ದೀವಿ ಅನ್ನುತ್ತೆ, ಸಮತೋಲ ನೋಡಿಕೊಳ್ಳುವ ಒಳಗಿವಿ ಕೂತಿದ್ದೀವಿ ಅನ್ನುತ್ತೆ. ಎರಡರ ಜಗಳದಲ್ಲಿ ಹೊಟ್ಟೆ ಕೆಡುತ್ತೆ.

ಸಪ್ತಾಪುರದ ಮೇಡಂ, ಧಾರವಾಡ:
ಮನಃಶಾಸ್ತ್ರ ಪಾಠ ಮಾಡುತ್ತೇನೆ. ವಯಸ್ಸಿನ ಮಾತು ಬಿಡಿ. ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದವರು ವಿಆರ್‌ನಲ್ಲಿ ಸುಮಾರು 20 ಅಡಿ ಆಳದ ಗುಂಡಿ ತೋರಿಸಿ ಜನರ ಎದೆಬಡಿತ ಅಳೆದರು. ಫಲಿತಾಂಶ 2002ರಲ್ಲಿ ಬಂತು. ಗುಂಡಿ ಕಂಡ ಕೂಡಲೇ ಬಡಿತ ಏರಿತ್ತು. ಪಾದಕ್ಕೆ ಒಂದೂವರೆ ಇಂಚಿನ ಮರದ ಅಂಚು ತಾಗುವಂತೆ ಮಾಡಿದಾಗ ಇನ್ನೂ ಜಾಸ್ತಿ. ನಿಮ್ಮ ಕಾಲಡಿಯ ಹಲಗೆ ಸುಮ್ನೆ ಇಟ್ಟಿದ್ದಲ್ಲ!

ಒಂದು ಕೇಳಲಾ? ಕಂಬದ ಮೇಲೆ ಕಣ್ಣು ಎಲ್ಲಿರುತ್ತೆ?

ಕಂಬದ ಕಾಕಾ:
ತಂತಿ ಹಿಡಿದಿರುವ ಇನ್ಸುಲೇಟರ್ ಮೇಲೆ, ತಂತಿಗೆ ತಂತಿ ಜೋಡಿಸುವ ಜಂಪರ್ ಮೇಲೆ. ಮುಖದಿಂದ ಒಂದು ಮೊಳ ದೂರ. ಸೊಂಟಕ್ಕೆ ಬೆಲ್ಟ್ ಇರುತ್ತೆ. ಕೆಳಗೆ ಯಾರು ನೋಡ್ತಾರೆ?

ಸಪ್ತಾಪುರದ ಮೇಡಂ:
ಅಲ್ಲೇ ಇದೆ ನೋಡಿ. ಸುಮ್ನೆ ನಿಂತಾಗಲೂ ಮೈ ಸ್ವಲ್ಪ ತೂಗುತ್ತಲೇ ಇರುತ್ತೆ. ಹತ್ತಿರದ ವಸ್ತು ಕಣ್ಣೆದುರು ಅಲ್ಲಾಡಿದ್ದನ್ನು ನೋಡಿ ಮಿದುಳು ಆ ತೂಗಾಟವನ್ನು ಸರಿಮಾಡುತ್ತೆ. ಎಲ್ಲವೂ ದೂರದಲ್ಲಿದ್ದರೆ ಆ ಅಲ್ಲಾಟ ಕಾಣಲ್ಲ, ಆಗ ಮೈ ಇನ್ನೂ ತೂಗುತ್ತೆ. ಕಂಬದ ಮೇಲೆ ನಿಮಗೆ ಇನ್ಸುಲೇಟರ್ ಇದೆ, ಬೆಲ್ಟ್ ಇದೆ, ಹಿಡಿಯೋಕೆ ಕಂಬವೇ ಇದೆ. ಡಬ್ಬಿಯೊಳಗೆ ಕೈಗೆ ಸಿಗುವಂಥದ್ದು ಏನಿತ್ತು? ನಿಮ್ಮ ಕಾಲಾದರೂ ನಿಮಗೆ ಕಂಡಿತ್ತಾ?

ಭಯ ಇಳಿಸುವುದಕ್ಕೂ ಇದೇ ಡಬ್ಬಿ ಬಳಸುತ್ತಾರೆ. ಎತ್ತರಕ್ಕೆ ಹೆದರುವ ವಿದ್ಯಾರ್ಥಿಗಳನ್ನು ವಿಆರ್ ಸೇತುವೆ, ಲಿಫ್ಟ್‌ಗಳಲ್ಲಿ ಮತ್ತೆ ಮತ್ತೆ ನಿಲ್ಲಿಸಿ ಭಯ ತಗ್ಗಿಸಿದ್ದು 1995ರಲ್ಲೇ ವರದಿಯಾಗಿದೆ.

ಕಂಬದ ಕಾಕಾ:
ಕಾಲು ಕಂಡಿರಲಿಲ್ಲ. ಈಗ ನೆನಪಾಯ್ತು.

ಇವತ್ತು ಉಣಕಲ್ ಹತ್ತಿರ ಕೆಲಸ ಇತ್ತು. ಬೆಲ್ಟ್ ಬಿಗಿ ಮಾಡಿಕೊಂಡು ಬೇಕಂತಲೇ ಕೆರೆ ಕಡೆ ದಿಟ್ಟಿಸಿ ನೋಡಿದೆ. ಸ್ವಲ್ಪ ತೂಗಿದ ಹಾಗಾಯ್ತು. ಮತ್ತೆ ಇನ್ಸುಲೇಟರ್ ನೋಡಿದೆ, ನಿಂತಿತು. ಕೆಳಗಿದ್ದ ಹುಡುಗ "ಏನ್ರೀ ಅಣ್ಣಾರ, ಕೆರಿ ನೋಡಾಕತ್ತೀರಿ?" ಅಂದ. ಮೀನು ಎಣಿಸ್ತಿದ್ದೀನಿ ಅಂದೆ.